ಅಪ್‌ಡೇಟ್: ಹಳೇ ಓಮ್ನಿಗೆ ಮಿನರಲ್ ಆಯಿಲ್ಲೇ ಹಾಕಿಸಿದೆ

ತೀರ್ಥಹಳ್ಳಿ ಹತ್ರದ ನಮ್ಮ ಮನೆಯ 2004ರ ಓಮ್ನಿಗೆ ಸಿಂಥೆಟಿಕ್ (ಕಾರ್ಖಾನೆಯಲ್ಲಿ ವಿಶೇಷವಾಗಿ ತಯಾರಿಸೋ) ಇಂಜಿನ್ ಆಯಿಲ್ ಹಾಕಿಸ್ಲಾ, ಕಚ್ಚಾ ತೈಲ ಸೋಸಿ ಮಾಡೋ ಮಾಮೂಲಿ ಮಿನರಲ್ಲೇ ಸಾಕಾ ಅಂತ ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಸಿಂಥೆಟಿಕ್ ತೆಳ್ಳಗಿರುತ್ತೆ, ಹಾಕಿದ್ರೆ ಹಳೇ ಇಂಜಿನ್ ಸೋರುತ್ತೆ ಅಂತ ಬಹಳ ಜನ ಹೇಳಿದ್ರಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನ ಹಿರಿಯ ಮೆಕ್ಯಾನಿಕ್ ಒಬ್ಬರು ಇದನ್ನ ಒಪ್ಪಲೇ ಇಲ್ಲ. ಇಂಜಿನ್ ಬಿಸಿಯಾದಾಗ ಆಯಿಲ್ ಎಷ್ಟು ಮಂದ ಅನ್ನೋದು ಡಬ್ಬದ ಮೇಲಿನ ಎರಡನೇ ನಂಬರ್‌ನಲ್ಲಿದೆ, ಮಿನರಲ್‌ನ 20ಡಬ್ಲ್ಯು-40 ಆಗ್ಲಿ ಸಿಂಥೆಟಿಕ್‌ನ 10ಡಬ್ಲ್ಯು-40 ಆಗ್ಲಿ ಬಿಸಿಯಲ್ಲಿ ಒಂದೇ ದರ್ಜೆ ಅಂದ್ರು. ಆಮೇಲೆ ಇಂಜಿನ್ ಮೇಲಿನ ವಾಲ್ವ್ ಕವರ್ ಬಿಚ್ಚಿ, ಆಯಿಲ್ ಸೋರದಂತೆ ಅದರಡಿ ಕೂರಿಸೋ ರಬ್ಬರ್ ಗ್ಯಾಸ್ಕೆಟ್ ನನ್ನ ಕೈಗೇ ಕೊಟ್ರು. ಬಗ್ಗಿಸಿದ ಕೂಡ್ಲೇ ಪಟಕ್ ಅಂತ ಮುರೀತು. ನಮ್ಮ ಗಾಡೀಲಿ ಮೊದಲೇ ಇದ್ದ ಸೋರಿಕೆ ಹೊಸದು ಹಾಕಿದ ಮೇಲೆ ನಿಂತಿದೆ.

ನನ್ನ ನಿರ್ಧಾರ ಆಗಿದ್ದು ಬೇರೆ ಕಾರಣಕ್ಕೆ. ಮುಂದಿನ ಸೀಟು ಎತ್ತಿ ಆಯಿಲ್ ಮುಚ್ಚಳ ತೆಗೆದ್ರೆ ಒಳಗೆಲ್ಲ ಮಜ್ಜಿಗೆ ಥರ ಬೆಳ್ಳಗಿನ ಲೋಳೆ! ನಮ್ಮದು ಡೈರಿಗೆ, ಪೇಟೆಗೆ ಅಂತ ಸಣ್ಣ ಓಡಾಟ. ಮಳೆಗಾಲದಲ್ಲಂತೂ ಇಂಜಿನ್ ಪೂರ್ತಿ ಕಾಯೋದೇ ಇಲ್ಲ, ಒಳಗೆ ಕೂತ ನೀರು ಆವಿಯಾಗಿ ಹೋಗದೆ ಆಯಿಲ್ ಜೊತೆ ಬೆರೆತು ಹೀಗಾಗುತ್ತೆ. ಅಂಥ ಆಯಿಲ್ ಯಾವುದಾದ್ರೂ ಬೇಗ ಬದಲಿಸ್ಲೇಬೇಕು. ಹೆಚ್ಚು ದಿನ ಬಾಳೋದಕ್ಕೇ ಜಾಸ್ತಿ ದುಡ್ಡು ಕೊಟ್ಟು ಸಿಂಥೆಟಿಕ್ ಹಾಕಿಸಿ, ಅದನ್ನ ಬೇಗ ಚೆಲ್ಲೋದು ಯಾಕೆ? ಒಳ್ಳೇ ಮಿನರಲ್, ಆರು ತಿಂಗಳು ಅಥವಾ 5,000 ಕಿ.ಮೀ., ಯಾವುದು ಮೊದಲೋ ಅದಕ್ಕೆ, ಜೊತೆಗೆ ಫಿಲ್ಟರ್. ಇಂಜಿನ್ ತಂಪು ಮಾಡೋ ಕೂಲೆಂಟ್ ಮಟ್ಟ ಇಳಿದಿಲ್ಲ, ಹಾಗಾಗಿ ಹೆಡ್ ಗ್ಯಾಸ್ಕೆಟ್ ಹೋಗಿ ಅದೇ ಆಯಿಲ್‌ಗೆ ಸೇರ್ತಿದೆ ಅನ್ನೋ ಭಯ ಸದ್ಯಕ್ಕಿಲ್ಲ.

ದಿನಾ ಆಗುಂಬೆ ಘಾಟಿ ಹತ್ತಿಳಿಯೋರ ಲೆಕ್ಕ ಬೇರೆ. ಅವರ ಇಂಜಿನ್ ಚೆನ್ನಾಗಿ ಕಾಯುತ್ತೆ, ಅವರಿಗೆ ಸಿಂಥೆಟಿಕ್ಕೇ ಸರಿ ಅಂತೀನಿ.