ಆಲೆಮನೆಯ ಬೆಲ್ಲಕ್ಕೆ ಯಾವ ಬಗೆಯ ಆನ್‌ಲೈನ್ ಮಾರುಕಟ್ಟೆ ಸೂಕ್ತ?

ಆಲೆಮನೆಯವರು, ಮಂಡ್ಯ:
ನಮ್ಮದು ಮಂಡ್ಯದ ಹತ್ತಿರದ ಹಳ್ಳಿಯೊಂದರ ಸಣ್ಣ ಆಲೆಮನೆ. ಎರಡು ವರ್ಷಗಳಿಂದ, ಬೆಲ್ಲದ ಬಣ್ಣ ತಿಳಿಗೊಳಿಸುವ ಹೈಡ್ರೋಸ್ ಎಂಬ ರಾಸಾಯನಿಕ ಬಳಸದೆ, ಬೆಂಡೆ ಗಿಡದ ಲೋಳೆಯಿಂದಲೇ ಕಲ್ಮಶ ತೆಗೆದು ಅಚ್ಚುಬೆಲ್ಲ ಮಾಡುತ್ತಿದ್ದೇವೆ. ಬಣ್ಣ ಕಂದಾಗಿ ಬರುವುದರಿಂದ ಮಂಡಿಯಲ್ಲಿ ಹಳದಿ ಬೆಲ್ಲಕ್ಕೆ ಸಿಗುವಷ್ಟು ಬೆಲೆಯೂ ನಮ್ಮ ಸರಕಿಗೆ ಸಿಗುತ್ತಿಲ್ಲ. ಆನ್‌ಲೈನಿನಲ್ಲಿ ಮಾರೋಣವೆಂದರೆ ಅಮೆಜಾನ್, ಮೀಶೋ, ಇಂಡಿಯಾಮಾರ್ಟ್, ಒಎನ್‌ಡಿಸಿ ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಇವುಗಳ ವ್ಯತ್ಯಾಸವನ್ನು ಬಲ್ಲವರು ವಿವರಿಸಬೇಕಾಗಿ ವಿನಂತಿ.

ಅಗರಬತ್ತಿ ವ್ಯಾಪಾರಿ, ಮೈಸೂರು:
ಸ್ವಾಮಿ, ಮೊದಲು ತಮ್ಮ ಗಿರಾಕಿ ಯಾರೆಂದು ನಿಶ್ಚಯಿಸಿಕೊಳ್ಳಿ. ಮಾರುಕಟ್ಟೆಯ ಬಗೆ ಅದರಿಂದಲೇ ತೀರ್ಮಾನವಾಗುತ್ತದೆ. ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥವುಗಳಲ್ಲಿ ಮನೆಬಳಕೆಯವರು ಒಂದೆರಡು ಕಿಲೋ ಕೊಳ್ಳುತ್ತಾರೆ. ಹಣ ವಸೂಲಿ, ಸಾಗಣೆ, ವಾಪಸಾತಿ ಎಲ್ಲವನ್ನೂ ತಾಣವೇ ನೋಡಿಕೊಂಡು, ಅದರ ಶುಲ್ಕವನ್ನು ನಮ್ಮ ಹಣದಲ್ಲೇ ಮುರಿದುಕೊಳ್ಳುತ್ತದೆ. ಮೀಶೋ 2021ರಲ್ಲಿ ಮಾರಾಟಗಾರರಿಂದ ಕಮಿಷನ್ ಪಡೆಯುವುದನ್ನು ಬಿಟ್ಟಿತಾದರೂ ಅಲ್ಲಿಗೆ ಬರುವವರು ಅಗ್ಗದ ಬೆಲೆಯನ್ನೇ ಹುಡುಕುವವರು. ಇಂಡಿಯಾಮಾರ್ಟ್‌ನ ರೀತಿ ಬೇರೆ. ಸಗಟು ಕೊಳ್ಳುವವರ ವಿಚಾರಣೆಯನ್ನು ಅದು ತಮ್ಮ ಫೋನಿಗೆ ತಲುಪಿಸುತ್ತದೆ. ದರ ಕುದುರಿಸುವುದು, ಲಾರಿಗೆ ಹೇರುವುದು, ಬಾಕಿ ವಸೂಲು ಮಾಡುವುದು ತಮ್ಮ ಪಾಲಿನ ಕೆಲಸ. ಒಎನ್‌ಡಿಸಿ ಎಂಬುದು ಬೇರೆ ಬೇರೆ ಆ್ಯಪುಗಳನ್ನು ಬೆಸೆಯುವ ಜಾಲ. ಗಿರಾಕಿ ಒಂದು ಆ್ಯಪಿನಲ್ಲಿ ಇದ್ದು, ಮಾರುವವರು ಇನ್ನೊಂದರಲ್ಲಿ ಇದ್ದರೂ ವ್ಯಾಪಾರ ಕುದುರುತ್ತದೆ.

ನನ್ನ ಅಗರಬತ್ತಿ ಹಗುರ, ತಮ್ಮ ಬೆಲ್ಲ ಭಾರ. ಲೆಕ್ಕ ತಪ್ಪುವುದು ಇಲ್ಲಿಯೇ. ಕಿಲೋಗೆ 100 ರೂಪಾಯಿ ಬೆಲೆಯಿಟ್ಟು, ಸಾಗಣೆಗೆ 60, ಡಬ್ಬಿಗೆ 15, ಮೇಲೆ ಕಮಿಷನ್ ಹೋಯಿತೆಂದುಕೊಳ್ಳಿ. ಕಬ್ಬು ಅರೆದ ಕೂಲಿಯೂ ಹುಟ್ಟುವುದಿಲ್ಲ. ಒಂದು ತಾಣದಿಂದ ನನಗೆ ಒಮ್ಮೆ ವಾಪಸು ಬಂದ ಪೆಟ್ಟಿಗೆಯಲ್ಲಿ ಅರ್ಧದಷ್ಟು ಕಡ್ಡಿಗಳು ಮುರಿದಿದ್ದವು, ಮತ್ತೆ ಮಾರುವಂತಿರಲಿಲ್ಲ. ಬರುವ ಸಾಗಣೆಯ ಖರ್ಚೂ ನನ್ನ ತಲೆಗೇ ಬಂತು. ಆದ್ದರಿಂದ ಸಿಹಿತಿಂಡಿ ತಯಾರಿಸುವವರಿಗೆ, ಸಾವಯವ ಅಂಗಡಿಗಳಿಗೆ ಸಗಟಿನಲ್ಲಿ ಕೊಡುವುದೇ ಮೇಲೆಂಬುದು ನನ್ನ ಅಭಿಪ್ರಾಯ. ಮುಂಗಡ ಹಣ ಬಾರದೆ ಸರಕು ಇಳಿಸಬೇಡಿ. ಹಣ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅದು ಮೋಸ. ಹಣ ಪಡೆಯಲು ಪಿನ್ ಬೇಕಿಲ್ಲ.

ತೆರಿಗೆ ಸಲಹೆಗಾರ, ಮೈಸೂರು:
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ. 5 ಜಿಎಸ್‌ಟಿ ಅನ್ವಯಿಸಿದೆ. ಇ-ವಾಣಿಜ್ಯ ತಾಣದ ಮೂಲಕ ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ವಹಿವಾಟು ಮಿತಿಯೊಳಗಿದ್ದು ಸರಕನ್ನು ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು ಪ್ಯಾನ್ ಆಧಾರದ ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಬೆಲ್ಲ ಹೊಸೂರಿನ ಗಡಿ ದಾಟಿದರೆ ಈ ರಿಯಾಯಿತಿ ಇಲ್ಲ. ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೀಡಿದ 14 ಅಂಕೆಯ ಸಂಖ್ಯೆ ಇರಲೇಬೇಕು.

ಗ್ರಾಹಕಿ, ಕುವೆಂಪುನಗರ, ಮೈಸೂರು:
ಕೊಳ್ಳುವವಳ ಕಡೆಯಿಂದ ಎರಡು ಮಾತು. ನಾನು ಐದು ಚುಕ್ಕೆಗಳ ಅಭಿಪ್ರಾಯಗಳನ್ನು ಬಿಟ್ಟು, ಒಂದು, ಎರಡು ಚುಕ್ಕೆ ಕೊಟ್ಟವರದ್ದನ್ನೇ ಮೊದಲು ಓದುತ್ತೇನೆ; ಆಮೇಲೆ ಮಾರಾಟಗಾರರ ವಿಳಾಸ, ತಯಾರಿಕೆಯ ದಿನಾಂಕ ನೋಡುತ್ತೇನೆ. ಚಿತ್ರದಲ್ಲಿ ಹೊಂಬಣ್ಣವಿದ್ದು ಮನೆಗೆ ಕಪ್ಪು ಅಚ್ಚು ಬಂದರೆ, ಅದು ಎಷ್ಟೇ ಶುದ್ಧವಾಗಿದ್ದರೂ, ವಾಪಸು ಕಳಿಸದೆ ಇರುವುದಿಲ್ಲ. ಬಣ್ಣ ಏಕೆ ಕಂದು ಎಂಬುದನ್ನು ತಾವು ಇಲ್ಲಿ ಬರೆದಷ್ಟೇ ಸರಳವಾಗಿ ಅಲ್ಲಿಯೂ ಬರೆಯಿರಿ. ಅಂದಹಾಗೆ, 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ತಾಣದ ಕುಂದುಕೊರತೆ ಅಧಿಕಾರಿ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಆಲೆಮನೆಯವರು, ಮಂಡ್ಯ:
ಎಲ್ಲರಿಗೂ ಕೃತಜ್ಞತೆಗಳು. ಸಗಟು ತಾಣದಲ್ಲೇ ಮೊದಲು ಹೆಸರು ನೋಂದಾಯಿಸುತ್ತೇವೆ. ಮಳೆಗಾಲದಲ್ಲಿ ಬೆಲ್ಲ ತೇವ ಹಿಡಿದು ಜಿನುಗುವುದೊಂದೇ ಚಿಂತೆ.

ಅಗರಬತ್ತಿ ವ್ಯಾಪಾರಿ, ಮೈಸೂರು:
ಆಷಾಢ, ಶ್ರಾವಣಗಳಲ್ಲಿ ಆರ್ಡರ್ ಬಂದರೆ ಗಾಳಿಯಾಡದ ಒಳಚೀಲದಲ್ಲಿ ಕಟ್ಟಿ, ಹೊರಡುವ ಮುನ್ನ ಅಚ್ಚುಗಳ ಚಿತ್ರ ತೆಗೆದಿಟ್ಟುಕೊಳ್ಳಿ. ತಕರಾರು ಬಂದಾಗ ತೋರಿಸಲು ಅದಾದರೂ ಇರುತ್ತದೆ.