‘ನಾಭಿದೂರ’ ಒಂದೇ ಪದ, ದೂರಗಳು ಎರಡು: ಹಳೆಯ ಲೆನ್ಸ್ ಕೈಪಿಡಿಗೆ ಪದ ಬೇಕಾಗಿದೆ

ಪ್ರಶ್ನೆ

ಎಂ42 ಎಂಬ ಸ್ಕ್ರೂ ತಿರುಪಿನ ಹಳೆಯ ಲೆನ್ಸ್‌ಗಳನ್ನು ಈಗಿನ ಡಿಜಿಟಲ್ ಕ್ಯಾಮೆರಾಗಳಿಗೆ ಹಾಕುವ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ತಯಾರಾಗುತ್ತಿದೆ. ‘ಫೋಕಲ್ ಲೆಂಗ್ತ್’ಗೆ ಸಂಗಮದೂರ, ನಾಭಿದೂರ ಎರಡೂ ಬಳಕೆಯಲ್ಲಿವೆ. ‘ಫ್ಲ್ಯಾಂಜ್ ಫೋಕಲ್ ಡಿಸ್ಟೆನ್ಸ್’ಗೆ ಕರಡಿನಲ್ಲಿ ‘ಚಾಚುಪಟ್ಟಿ ನಾಭಿದೂರ’ ಎಂದಿದೆ, ಮುಂದಿನ ಪುಟಕ್ಕೆ ಬರುವಷ್ಟರಲ್ಲಿ ಅದೂ ಬರೀ ‘ನಾಭಿದೂರ’ ಆಗಿದೆ. ಇದಕ್ಕೆ ಬೇರೆ ಪದ ಸಿಕ್ಕೀತೇ? ‘ಸ್ಟಾಪ್ ಡೌನ್ ಮಾಡಿ’ ಎನ್ನುವುದನ್ನು ‘ಕೆಳಕ್ಕೆ ನಿಲ್ಲಿಸಿ’ ಎಂದಿರುವುದೂ ಸರಿ ಕಾಣುತ್ತಿಲ್ಲ.

ಉತ್ತರ 1

ಕರಡನ್ನು ಹಾಗೇ ಬಿಟ್ಟರೆ ಓದುಗರು ತಪ್ಪು ಅಡಾಪ್ಟರ್ (ಲೆನ್ಸನ್ನು ಬೇರೆ ಕ್ಯಾಮೆರಾಕ್ಕೆ ಜೋಡಿಸುವ ಬಳೆ) ಕೊಳ್ಳುತ್ತಾರೆ. ದಯವಿಟ್ಟು ಬದಲಿಸಿ.

ಹಳೆಯ ಎಂ42 ಲೆನ್ಸಾದ ಹೀಲಿಯೋಸ್ 44-2 ತೆಗೆದುಕೊಳ್ಳಿ. ಅದರ ಮುಂದಿನ ಉಂಗುರದ ಮೇಲೆ ಕೊರೆದಿರುವ 58 ಮಿ.ಮೀ. ಸಂಗಮದೂರ. ಇದು ಲೆನ್ಸಿನ ಗುಣ, ಯಾವ ಕ್ಯಾಮೆರಾಕ್ಕೆ ಹಾಕಿದರೂ ಬದಲಾಗದು. ಇನ್ನೊಂದು ದೂರ ಲೆನ್ಸಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಲೆನ್ಸ್ ಕೂರುವ ಲೋಹದ ಮುಖದಿಂದ ಹಿಂದಿನ ಸೆನ್ಸರಿನವರೆಗಿನ ಅಳತೆ ಅದು, ಮೌಂಟಿಗೆ (ಲೆನ್ಸ್ ಕೂರುವ ಜೋಡಣೆಗೆ) ಸೇರಿದ್ದು. ಎಂ42ಕ್ಕೆ 45.46, ನಿಕಾನ್ ಎಫ್‌ಗೆ 46.5, ಕೆನಾನ್ ಇಎಫ್‌ಗೆ 44, ಸೋನಿ ಇ‌ಗೆ 18, ನಿಕಾನ್ ಝಡ್‌ಗೆ 16 ಮಿ.ಮೀ.

ಇದಕ್ಕೆ ‘ಮೌಂಟಿನ ಆಳ’ ಎನ್ನಿ. ಬಾವಿಯ ಬಾಯಿಂದ ತಳದವರೆಗೆ ಆಳ ಎನ್ನುತ್ತೇವಲ್ಲ, ಇಲ್ಲಿ ಬಾಯಿ ಮೌಂಟ್, ತಳ ಸೆನ್ಸರ್. ಲೆಕ್ಕವೂ ಪದದಲ್ಲೇ ಕೂತಿದೆ: ಲೆನ್ಸಿಗೆ ಬೇಕಾದ ಆಳದಲ್ಲಿ ಕ್ಯಾಮೆರಾದ ಆಳ ಕಳೆದರೆ ಅಡಾಪ್ಟರಿನ ದಪ್ಪ. ಸೋನಿ ಇ‌ಗೆ 27.46 ಮಿ.ಮೀ. ಉದ್ದದ ಕೊಳವೆ, ಕೆನಾನ್ ಇಎಫ್‌ಗೆ 1.46 ಮಿ.ಮೀ. ದಪ್ಪದ ಬಳೆ. ನಿಕಾನ್ ಎಫ್‌ಗೆ ಕಳೆದರೆ ಉಳಿಯುವುದು ಋಣ 1.04. ಅಡಾಪ್ಟರ್ ಹಾಕುವ ಮೊದಲೇ ಬಾವಿ ಅಷ್ಟು ಹೆಚ್ಚು ಆಳ. ಅಲ್ಲಿ 58ರ ಲೆನ್ಸನ್ನು ∞ (ಅನಂತ ದೂರ) ಗುರುತಿಗೆ ತಿರುಗಿಸಿದರೂ ಸುಮಾರು 3.2 ಮೀಟರಿನಾಚೆ ಏನೂ ನಿಚ್ಚಳವಾಗದು (58ರ ವರ್ಗವನ್ನು 1.04ರಿಂದ ಭಾಗಿಸಿ ನೋಡಿ), ಬಳೆಯ ದಪ್ಪ ಸೇರಿದರೆ ಇನ್ನೂ ಹತ್ತಿರಕ್ಕೇ ನಿಲ್ಲುತ್ತದೆ. ಒಳಗೆ ಗಾಜಿಟ್ಟ ಅಡಾಪ್ಟರ್ ದೂರದ ಫೋಕಸನ್ನು ತಂದುಕೊಡುತ್ತದೆ, ಆದರೆ ರಂಧ್ರ (ಲೆನ್ಸಿನೊಳಗೆ ಬೆಳಕು ಹಾಯುವ ತೂತು, ಅಪರ್ಚರ್) ಪೂರ್ತಿ ತೆರೆದಾಗ ಚಿತ್ರ ಮಂಕಾಗುವುದು ಸಾಮಾನ್ಯ.

ಅಡಾಪ್ಟರ್ ಹತ್ತನೇ ಒಂದು ಮಿ.ಮೀ. ದಪ್ಪವಾದರೂ ಇದೇ ಲೆನ್ಸ್ 34 ಮೀಟರಿನ ಹತ್ತಿರ ನಿಂತುಬಿಡುತ್ತದೆ. ತೆಳುವಾದರೆ ∞ ದಾಟಿ ತಿರುಗುತ್ತದೆ. ಮೀಟರ್ ಗುರುತುಗಳು ಸುಳ್ಳಾಗುತ್ತವೆ ಅಷ್ಟೆ, ಫೋಟೊಕ್ಕೆ ತೊಂದರೆಯಿಲ್ಲ. ಪರೀಕ್ಷೆಗೆ ರಾತ್ರಿಯ ನಕ್ಷತ್ರ ಸಾಕು: ರಂಧ್ರ ಪೂರ್ತಿ ತೆರೆದು, ಪರದೆಯಲ್ಲಿ ಹಿಗ್ಗಿಸಿ, ಉಂಗುರವನ್ನು ಕೊನೆಯವರೆಗೆ ತಿರುಗಿಸಿ. ಚುಕ್ಕಿ ಅತಿ ಚಿಕ್ಕದಾಗುವುದು ಕೊನೆಗೆ ಮುಟ್ಟುವ ಮೊದಲೋ, ಮುಟ್ಟಿದಾಗಲೋ, ಮುಟ್ಟಿದರೂ ಇಲ್ಲವೋ ಎಂಬುದರಲ್ಲೇ ದಪ್ಪದ ಹಣೆಬರಹ ತಿಳಿಯುತ್ತದೆ.

ಪದ ಕಲಸಿದರೆ ಇನ್ನೊಂದು ಕಡೆಯೂ ಪೆಟ್ಟು. ಸೆನ್ಸರನ್ನೇ ಅಲುಗಿಸಿ ಕೈನಡುಕ ತಡೆಯುವ ಕ್ಯಾಮೆರಾಗಳಿಗೆ ಹಳೆಯ ಲೆನ್ಸ್ ಯಾವುದೆಂದು ಗೊತ್ತಾಗುವುದಿಲ್ಲ. ಮೆನುವಿನಲ್ಲಿ ಸಂಗಮದೂರವನ್ನು ನಾವೇ ತುಂಬಬೇಕು. ಅಲ್ಲಿ 58 ಹಾಕಬೇಕು, ಅದಿಲ್ಲದಿದ್ದರೆ ಹತ್ತಿರದ ಅಂಕಿ. ಚಿಕ್ಕ ಸೆನ್ಸರೆಂದು ಒಂದೂವರೆಯಿಂದ ಗುಣಿಸಿ 87 ಹಾಕುವುದು ತಪ್ಪು. ‘ನಾಭಿದೂರ’ ಎಂದು ಓದಿ 45 ಹಾಕಿದರೆ ನಡುಕ ಪೂರ್ತಿ ಹೋಗುವುದೇ ಇಲ್ಲ. ಲೆನ್ಸ್ ಇಲ್ಲದೆಯೂ ಶಟರ್ ಬೀಳಲಿ ಎಂಬ ಆಯ್ಕೆಯನ್ನೂ ಮೊದಲು ಆನ್ ಮಾಡಿಸಿ. ಇಲ್ಲದಿದ್ದರೆ ಹಲವು ಕ್ಯಾಮೆರಾಗಳು ಕ್ಲಿಕ್ಕಿಸುವುದಿಲ್ಲ.

‘ಸ್ಟಾಪ್’ ಎಂದರೆ ನಿಲ್ಲುವುದಲ್ಲ, ತಡೆ. ಮೊದಲು ಬೇರೆ ಬೇರೆ ಗಾತ್ರದ ತೂತುಗಳ ಲೋಹದ ತಗಡುಗಳನ್ನು ಲೆನ್ಸಿನ ಸೀಳಿಗೆ ತೂರಿಸಿ ಬೆಳಕು ತಡೆಯುತ್ತಿದ್ದರು. 1858ರಲ್ಲಿ ಜಾನ್ ವಾಟರ್‌ಹೌಸ್ ವಿವರಿಸಿದ ತಗಡುಗಳಿಗೆ ಅವರ ಹೆಸರೇ ಉಳಿದಿದೆ. ಹಾಗಾಗಿ ‘ರಂಧ್ರ ಕಿರಿದುಮಾಡಿ’ ಎಂದರೆ ಸಾಕು. ಹೀಲಿಯೋಸ್ 44-2ರಲ್ಲಿ ಇದಕ್ಕೆ ಎರಡು ಉಂಗುರಗಳಿವೆ. ಮುಂದಿನದನ್ನು ಟಕ್‌ಟಕ್ ಎನ್ನಿಸಿ 5.6ಕ್ಕೆ (ಅಂಕಿ ಹೆಚ್ಚಿದಷ್ಟೂ ರಂಧ್ರ ಕಿರಿದು) ಇಟ್ಟರೆ ಅದು ಗಡಿ ಮಾತ್ರ, ರಂಧ್ರದ ಅಲಗುಗಳು ಇನ್ನೂ ಅಲುಗಿಲ್ಲ. ಅದರ ಹಿಂದಿನ ನುಣ್ಣನೆ ಉಂಗುರ 2ರಿಂದ ಆ ಗಡಿಯವರೆಗೆ ರಂಧ್ರವನ್ನು ತೆರೆದು ಮುಚ್ಚುತ್ತದೆ. ತೆರೆದಿಟ್ಟು ಫೋಕಸ್ ಮಾಡಿ, ನುಣ್ಣನೆಯದನ್ನು ಗಡಿಗೆ ತಿರುಗಿಸಿ ಫೋಟೊ ತೆಗೆಯಬೇಕು. ಕೈಪಿಡಿಯಲ್ಲಿ ‘ಗಡಿ ಉಂಗುರ’, ‘ತೆರೆ-ಮುಚ್ಚು ಉಂಗುರ’ ಎಂದು ಬೇರೆ ಬೇರೆ ಹೆಸರಿಡಿ.

ಉತ್ತರ 2

‘ಮೌಂಟಿನ ಆಳ’ ಒಪ್ಪಿತ, ಒಂದು ತಕರಾರಿನೊಂದಿಗೆ. ‘ಡೆಪ್ತ್ ಆಫ್ ಫೀಲ್ಡ್’ಅನ್ನು (ಚಿತ್ರದಲ್ಲಿ ನಿಚ್ಚಳವಾಗಿ ಕಾಣುವ ದೂರದ ವ್ಯಾಪ್ತಿಯನ್ನು) ‘ಕ್ಷೇತ್ರದ ಆಳ’ ಎಂದು ಬರೆಯುವವರಿದ್ದಾರೆ. ಒಂದೇ ಪುಟದಲ್ಲಿ ಎರಡು ಆಳ ಬಂದರೆ ಹಳೆಯ ಗೊಂದಲ ಹೊಸ ವೇಷದಲ್ಲಿ ಬಂದಂತೆ.

ಲೆನ್ಸ್, ಮಸೂರ ಎರಡನ್ನೂ ಇಟ್ಟುಕೊಳ್ಳಿ, ಬೇರೆ ಬೇರೆ ಕೆಲಸಕ್ಕೆ. ಪೂರ್ತಿ ಕೊಳವೆ ಲೆನ್ಸ್; ಒಳಗಿನ ಒಂದೊಂದು ಗಾಜು ಮಸೂರ. ಹೀಲಿಯೋಸ್ 44-2ರೊಳಗೆ ನಾಲ್ಕು ಗುಂಪಿನಲ್ಲಿ ಆರು ಮಸೂರಗಳು. ‘ಮಸೂರ’ ಎಂದರೆ ಸಂಸ್ಕೃತದಲ್ಲಿ ನಮ್ಮ ಚನ್ನಂಗಿ ಬೇಳೆ, ಲ್ಯಾಟಿನ್ನಿನ ‘ಲೆನ್ಸ್’ ಕೂಡ ಅದೇ ಕಾಳು. ಆಕಾರ ನೋಡಿಟ್ಟ ಹೆಸರು, ಗಾಜಿಗೇ ಒಪ್ಪುತ್ತದೆ.

ಉತ್ತರ 1ರವರಿಂದ

ತಕರಾರು ನ್ಯಾಯವಾದದ್ದು. ‘ಡೆಪ್ತ್ ಆಫ್ ಫೀಲ್ಡ್’ಗೆ ‘ನಿಚ್ಚಳ ಹರವು’ ಇರಲಿ. ಅದು ಇಲ್ಲಿಂದ ಅಲ್ಲಿಯವರೆಗೆ ಹರಡಿರುವ ಜಾಗ, ತಳವಿರುವ ಆಳವಲ್ಲ. ಕರಡಿನ ಆ ಭಾಗವನ್ನು ಹೀಗೆ ತಿದ್ದಬಹುದು:

“ಈ ಲೆನ್ಸಿನ ಸಂಗಮದೂರ 58 ಮಿ.ಮೀ. ಇದಕ್ಕೆ ಬೇಕಾದ ಮೌಂಟಿನ ಆಳ 45.46 ಮಿ.ಮೀ. ನಿಮ್ಮ ಕ್ಯಾಮೆರಾದ ಆಳ ಇದಕ್ಕಿಂತ ಕಡಿಮೆಯಿದ್ದರೆ ಮಾತ್ರ ಗಾಜಿಲ್ಲದ ಅಡಾಪ್ಟರ್ ಕೊಳ್ಳಿ. ರಂಧ್ರ ಕಿರಿದುಮಾಡಿದಷ್ಟೂ ನಿಚ್ಚಳ ಹರವು ಹೆಚ್ಚುತ್ತದೆ.”