ಜಪಾನಿನ ತೈಕೊ ವಾದನ: ಎಲ್ಲಿ ಕುಳಿತು ಕೇಳಬೇಕು, ಏನನ್ನು ಕೇಳಬೇಕು?

ಪ್ರಶ್ನೆ (ಯೊಕೊಹಾಮದಿಂದ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ವಾರದಲ್ಲಿ ಮೈಸೂರಿನಿಂದ ನನ್ನ ತಂದೆ-ತಾಯಿ ನಮ್ಮಲ್ಲಿಗೆ ಬರಲಿದ್ದಾರೆ. ಕಚೇರಿಯಲ್ಲಿ ತನಿ ಆವರ್ತನ (ತಾಳವಾದ್ಯದ ಸ್ವತಂತ್ರ ವಾದನ) ಆರಂಭವಾದ ಕೂಡಲೇ ಕಾಫಿಗೆಂದು ಎದ್ದು ಹೋಗುವ ಶ್ರೋತೃಗಳ ಮೇಲೆ ಸಿಟ್ಟಾಗುವಷ್ಟು ತಂದೆಯವರಿಗೆ ಮೃದಂಗದ ಮೇಲೆ ಅಭಿಮಾನ. ಆದ್ದರಿಂದ ಅವರಿಗೆ ತೈಕೊ, ಅಂದರೆ ಜಪಾನಿನ ಡೋಲುಗಳ, ವಾದನವನ್ನು ಎದುರಿನಲ್ಲೇ ಕೇಳಿಸಬೇಕೆಂಬ ಆಸೆ ನನಗಿದೆ. ಆದರೆ ತಾಯಿಯವರಿಗೆ ದೊಡ್ಡ ಸದ್ದು ಅಷ್ಟಾಗಿ ಸಹಿಸುವುದಿಲ್ಲ, ಮಗನಿಗೆ ಇನ್ನೂ ನಾಲ್ಕು ವರ್ಷ. ಸಭಾಂಗಣದಲ್ಲಿ ಯಾವ ಭಾಗದ ಆಸನ ಒಳ್ಳೆಯದು? ಎರಡು ಗಂಟೆ ಬರೀ ಡೋಲುಗಳ ಸದ್ದನ್ನೇ ಕೇಳುವುದು ಬೇಸರವಾಗುವುದಿಲ್ಲವೇ? ಇದು ಸಾವಿರಾರು ವರ್ಷಗಳ ಪರಂಪರೆ ಎಂದು ಜಾಹೀರಾತುಗಳು ಹೇಳುತ್ತವೆ. ತಂದೆಯವರು ಖಂಡಿತ ಕೇಳುವ ಪ್ರಶ್ನೆಯಾದ್ದರಿಂದ, ಅದು ಎಷ್ಟರಮಟ್ಟಿಗೆ ನಿಜ ಎಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1

ಮಗುವಿನ ವಿಷಯವನ್ನು ಮೊದಲು ತೀರ್ಮಾನಿಸಿಕೊಳ್ಳಿ. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳನ್ನು ಇಲ್ಲಿನ ಹಲವು ಸಭಾಂಗಣಗಳು ಒಳಗೆ ಬಿಡುವುದೇ ಇಲ್ಲ. ಟಿಕೆಟ್ ಪುಟದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಈ ಷರತ್ತನ್ನು ಓದದೆ ಹಣ ಕಟ್ಟಬೇಡಿ. ಮಕ್ಕಳಿಗೆ ಪ್ರವೇಶವಿರುವ ಕಾರ್ಯಕ್ರಮಗಳೂ ನಡೆಯುತ್ತವೆ, ಹುಡುಕಬೇಕಷ್ಟೆ.

ಆಸನದ ಬಗ್ಗೆ ನನ್ನ ಅಭಿಪ್ರಾಯವೆಂದರೆ, ನೆಲಮಹಡಿಯ ನಡುಭಾಗಕ್ಕಿಂತ ತುಸು ಹಿಂದೆ, ಅಥವಾ ಮೊದಲ ಬಾಲ್ಕನಿಯ ಮುಂದಿನ ಸಾಲು. ಹಲವು ಬಗೆಯ ಡೋಲುಗಳು ಏಕಕಾಲಕ್ಕೆ ನುಡಿಯುವಾಗ ಅವುಗಳ ನಾದ ಒಂದರೊಡನೊಂದು ಬೆರೆಯಲು ಸ್ವಲ್ಪ ಅಂತರ ಬೇಕು. ತೀರ ಮುಂದೆ ಕುಳಿತವರಿಗೆ ತಮ್ಮೆದುರಿನ ಡೋಲೊಂದೇ ಕೇಳುತ್ತದೆ, ಉಳಿದದ್ದು ಗದ್ದಲವಾಗುತ್ತದೆ. ಬಾಲ್ಕನಿಯಿಂದ ನೋಡಿದರೆ ಯಾವ ವಾದ್ಯ ಎಲ್ಲಿದೆ, ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಎಂಬುದೂ ತಿಳಿಯುತ್ತದೆ. ತಾಯಿಯವರಿಗಾಗಿ ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಬಿರಡೆಗಳನ್ನು ಇಟ್ಟುಕೊಂಡಿರಿ. ಒಂದು ಮಾತು: ತಗ್ಗುದನಿಯ ಡೋಲಿನ ಕಂಪನವನ್ನು ಕಿವಿಬಿರಡೆ ತಡೆಯದು, ಅದು ನೆಲದಿಂದಲೂ ಕುರ್ಚಿಯಿಂದಲೂ ಮೈಗೆ ಬರುತ್ತದೆ. ಅವರಿಗೆ ಇದನ್ನು ಮುಂಚಿತವಾಗಿ ಹೇಳಿಟ್ಟರೆ ಗಾಬರಿಯಾಗುವುದಿಲ್ಲ.

ಉತ್ತರ 2

ಆಸನದ ವಿಷಯದಲ್ಲಿ ಮೇಲಿನವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ತಂದೆಯವರನ್ನಾದರೂ ಮುಂದೆ ಕೂರಿಸಿ. ಓ-ದೈಕೊ ಎಂಬ ಭಾರೀ ಡೋಲನ್ನು ನುಡಿಸುವವರು ಸಭಿಕರಿಗೆ ಬೆನ್ನು ಮಾಡಿ, ತಲೆಗಿಂತ ಎತ್ತರದಲ್ಲಿರುವ ಚರ್ಮದ ಎದುರು ನಿಂತು ಎರಡೂ ಕೈ ಎತ್ತಿ ಹೊಡೆಯುತ್ತಾರೆ. ಆ ಬಲ ತೋಳಿನಿಂದಲ್ಲ, ಸೊಂಟದಿಂದಲೂ ಊರಿದ ಕಾಲಿನಿಂದಲೂ ಏಳುತ್ತದೆ ಎಂಬುದು ಬೆನ್ನಿನ ಸ್ನಾಯುಗಳನ್ನು ಹತ್ತಿರದಿಂದ ನೋಡಿದವರಿಗೇ ಅರ್ಥವಾಗುವ ಸಂಗತಿ.

ಇನ್ನು ಪರಂಪರೆಯ ಪ್ರಶ್ನೆ. ಡೋಲು ಪುರಾತನ, ದೇವಾಲಯಗಳಲ್ಲಿ, ನೋ ಮತ್ತು ಕಬುಕಿ ರಂಗಭೂಮಿಗಳಲ್ಲಿ, ಊರಹಬ್ಬಗಳಲ್ಲಿ ಅದು ಶತಮಾನಗಳಿಂದ ನುಡಿಯುತ್ತಾ ಬಂದಿದೆ. ಆದರೆ ಹತ್ತಾರು ಡೋಲುಗಳನ್ನು ವೇದಿಕೆಯಲ್ಲಿ ಜೋಡಿಸಿ, ಅದನ್ನೇ ಒಂದು ಸ್ವತಂತ್ರ ಕಾರ್ಯಕ್ರಮವಾಗಿ ನಡೆಸುವ ಪದ್ಧತಿಗೆ ಇನ್ನೂ ನೂರು ವರ್ಷವೂ ಆಗಿಲ್ಲ. ನಾಗಾನೊ ಪ್ರಾಂತ್ಯದ ಜಾಝ್ ಡ್ರಮ್ ವಾದಕ ಓಗುಚಿ ದೈಹಚಿ ಅವರ ಕೈಗೆ ಸುವಾ ದೇವಾಲಯದ ಹಳೆಯ ವಾದನಲಿಪಿಯೊಂದು ಬಂದಾಗ, ಅದನ್ನು ಒಬ್ಬರೇ ನುಡಿಸುವ ಬದಲು ಜಾಝ್ ಡ್ರಮ್ ಸೆಟ್ಟಿನ ಬೇರೆ ಬೇರೆ ಭಾಗಗಳಂತೆ ಬೇರೆ ಬೇರೆ ಗಾತ್ರದ ಡೋಲುಗಳಿಗೆ ಹಂಚಿದರು. ಹಾಗೆ 1951ರಲ್ಲಿ ಹುಟ್ಟಿದ್ದು ಓಸುವಾ ದೈಕೊ ತಂಡ. 1969ರಲ್ಲಿ ದೆನ್ ತಗಾಯಾಸು ಅವರು ಸಾದೊ ದ್ವೀಪದಲ್ಲಿ ಯುವಕ-ಯುವತಿಯರನ್ನು ಸೇರಿಸಿ ಒಂದೆಕೋಜಾ ತಂಡ ಕಟ್ಟಿದರು. ಓಟವೂ ಅಲ್ಲಿ ಅಭ್ಯಾಸದ ಭಾಗವಾಗಿತ್ತು. 1975ರಲ್ಲಿ ತಂಡದವರು ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿದೊಡನೆಯೇ ಡೋಲು ಬಾರಿಸಿದರು. ದೆನ್ ಅವರಿಂದ ಬೇರೆಯಾದ ಸದಸ್ಯರು 1981ರಲ್ಲಿ ಕಟ್ಟಿದ ಕೋದೋ ತಂಡ ಆ ವರ್ಷವೇ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ನೀಡಿತು. ಜಾಹೀರಾತಿನವರಿಗೆ ಇಷ್ಟು ಈಚಿನ ಇತಿಹಾಸ ರುಚಿಸುವುದಿಲ್ಲವೇನೋ! ನನಗಂತೂ ಇದರಿಂದ ಆ ಕಲೆಯ ಮೇಲಿನ ಗೌರವ ಹೆಚ್ಚೇ ಆಯಿತು.

ಬೇಸರವಾಗುತ್ತದೆಯೇ ಎಂದು ಕೇಳಿದ್ದೀರಿ. ಅಬ್ಬರವನ್ನಷ್ಟೇ ನಿರೀಕ್ಷಿಸಿ ಹೋದರೆ ಅರ್ಧ ಗಂಟೆಯಲ್ಲಿ ಆಗಬಹುದು. ಈ ಕಲೆಯ ನಿಜವಾದ ಪರೀಕ್ಷೆ ಮೆಲುದನಿಯಲ್ಲಿದೆ. ಸಂಯೋಜಕ ಇಶಿಇ ಮಾಕಿ 1976ರಲ್ಲಿ ಒಂದೆಕೋಜಾ ತಂಡಕ್ಕಾಗಿ ಬರೆದ ‘ಮೊನೊಕ್ರೋಮ್’ ಎಂಬ ಕೃತಿ ಸಾಲಾಗಿಟ್ಟ ಸಣ್ಣ ಶಿಮೆ-ದೈಕೊಗಳ ಮೇಲೆ ಕೇಳಿಯೂ ಕೇಳದಂತಹ ಪೆಟ್ಟುಗಳಿಂದ ಆರಂಭವಾಗುತ್ತದೆ. ಅಷ್ಟೂ ಜನರ ಕೋಲುಗಳು ಚರ್ಮದಿಂದ ಬೆರಳಗಲದಷ್ಟು ಮಾತ್ರ ಮೇಲೆದ್ದು, ಒಂದೇ ಕೈ ನುಡಿಸುತ್ತಿರುವಂತೆ ಇಳಿಯಬೇಕು. ಒಬ್ಬರ ಪೆಟ್ಟು ಕೂದಲೆಳೆಯಷ್ಟು ಭಾರವಾದರೂ ಇಡೀ ಸಭೆಗೆ ಗೊತ್ತಾಗಿಬಿಡುತ್ತದೆ. ನೀವು ಆರಿಸಿಕೊಳ್ಳುವ ಕಾರ್ಯಕ್ರಮದಲ್ಲಿ ಇಂತಹದೊಂದು ಕೃತಿ ಇರುವಂತೆ ನೋಡಿಕೊಳ್ಳಿ. ನಡುನಡುವೆ ಬಿದಿರಿನ ಕೊಳಲು, ಹಾಡುಗಾರಿಕೆಗಳೂ ಇರುತ್ತವೆ.

ತಂದೆಯವರಿಗೆ ಒಂದು ಸೂಚನೆ: ಮೃದಂಗದ ಬಲಮುಖದಲ್ಲಿ ಕರಣೆಯಿಂದ (ಚರ್ಮದ ನಡುವಿನ ಕಪ್ಪು ಲೇಪದಿಂದ) ಬರುವ ಶ್ರುತಿಯನ್ನು ಇಲ್ಲಿ ನಿರೀಕ್ಷಿಸಬಾರದು. ನಾಗಾದೊ-ದೈಕೊ ಎಂಬ ಪೀಪಾಯಿಯಾಕಾರದ ಡೋಲನ್ನು ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡುತ್ತಾರೆ. ಅದಕ್ಕೆ ಒಳ್ಳೆಯದೆನಿಸಿಕೊಂಡದ್ದು ಕೆಯಾಕಿ ಮರ. ದನದ ಚರ್ಮವನ್ನು ಬಿಗಿದು ಅಂಚಿನುದ್ದಕ್ಕೂ ಮೊಳೆ ಹೊಡೆದುಬಿಡುವುದರಿಂದ ಆಮೇಲೆ ಶ್ರುತಿ ಮಾಡುವ ಮಾತೇ ಇಲ್ಲ. ಶಿಮೆ-ದೈಕೊವನ್ನು ಮಾತ್ರ ಹಗ್ಗದಿಂದಲೋ ತಿರುಪಿನಿಂದಲೋ ಬಿಗಿಗೊಳಿಸುತ್ತಾರೆ. ಆದರೆ ಪಾಠ ಬಾಯಲ್ಲೇ ಆರಂಭವಾಗುತ್ತದೆ ಎಂದು ಕೇಳಿದರೆ ಅವರಿಗೆ ಸಂತೋಷವಾದೀತು: ದೊಡ್ಡ ಪೆಟ್ಟಿಗೆ ‘ದೋನ್’, ಜೋಡಿ ಪೆಟ್ಟಿಗೆ ‘ದೊಕೊ’, ಅಂಚಿನ ಪೆಟ್ಟಿಗೆ ‘ಕಾ’ ಎಂದು ನಮ್ಮ ಸೊಲ್ಕಟ್ಟುಗಳಂತೆಯೇ ಹೇಳಿ ಕಲಿಸುತ್ತಾರೆ.

ಉತ್ತರ 3

ಡಿಸೆಂಬರ್ ಮೊದಲ ವಾರ ಎಂದಿದ್ದೀರಲ್ಲ, ಆ ತಿಂಗಳ 2 ಮತ್ತು 3ರಂದು ಸೈತಾಮಾ ಪ್ರಾಂತ್ಯದ ಚಿಚಿಬುವಿನಲ್ಲಿ ರಾತ್ರಿಯ ಹಬ್ಬ ನಡೆಯುತ್ತದೆ. ಟೋಕಿಯೊದ ಇಕೆಬುಕುರೊದಿಂದ ಸೇಬು ರೈಲ್ವೆಯ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು ಒಂದೂಕಾಲು ಗಂಟೆಯ ದಾರಿ. ಕೆತ್ತನೆಗಳಿಂದ ತುಂಬಿದ ಆರು ತೇರುಗಳನ್ನು ದೀಪ ಹಚ್ಚಿ ಎಳೆಯುತ್ತಾರೆ. ಇಂತಹ ತೇರಿನ ಹಬ್ಬಗಳನ್ನು ಯುನೆಸ್ಕೊ 2016ರಲ್ಲಿ ಪಟ್ಟಿ ಮಾಡಿದಾಗ ಚಿಚಿಬುವೂ ಅದರಲ್ಲಿ ಸೇರಿತು. ವಿಶೇಷವೇನೆಂದರೆ, ಡೋಲು ಬಾರಿಸುವವರು ಯಾರಿಗೂ ಕಾಣುವುದಿಲ್ಲ. ತೇರಿನ ಒಡಲಿನ ಇಕ್ಕಟ್ಟಿನಲ್ಲಿ ಕುಳಿತು, ಎಳೆಯುವವರಿಗೆ ಹುರುಪು ಬರಲೆಂದು ಬಾರಿಸುತ್ತಾರೆ. ಏರುದಾರಿ ಬಂದಾಗ ಬಡಿತವೂ ಬಿರುಸಾಗುತ್ತದೆ. ವೇದಿಕೆಯಲ್ಲಿ ಕೋದೋ ತಂಡದವರು ಡೋಲನ್ನು ಕಾಲುಗಳ ನಡುವೆ ಇಟ್ಟುಕೊಂಡು, ಹಿಂದಕ್ಕೆ ಬಾಗಿ ಹೊಟ್ಟೆಯ ಬಲದಿಂದ ಬಾರಿಸುವ ‘ಯತಾಯಿ-ಬಾಯಶಿ’ಯ ಮೂಲ ಇದೇ. ಎರಡನ್ನೂ ಕೇಳಿದರೆ, ಒಂದೇ ಲಯ ಕೆಲಸಕ್ಕಾಗಿ ನುಡಿದಾಗ ಹೇಗಿರುತ್ತದೆ, ಪ್ರದರ್ಶನಕ್ಕಾಗಿ ನುಡಿದಾಗ ಹೇಗಾಗುತ್ತದೆ ಎಂಬುದನ್ನು ತಂದೆಯವರು ತಾವೇ ತೂಗಿ ನೋಡಬಹುದು. ಮಗುವಿಗೂ ಅಡ್ಡಿಯಿಲ್ಲ. ಆದರೆ 3ರ ರಾತ್ರಿ ವಿಪರೀತ ಜನಸಂದಣಿ, ಕೊರೆಯುವ ಚಳಿ. ತಾಯಿಯವರು ಜೊತೆಗಿದ್ದರೆ 2ರ ಸಂಜೆಯೇ ವಾಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. 2ರ ಸಂಜೆ ಚಿಚಿಬು, ಆಮೇಲೆ ಒಂದು ಸಭಾಂಗಣ ಎಂದು ಯೋಚಿಸಿದ್ದೇವೆ. ಮಗನನ್ನು ನನ್ನ ಪತ್ನಿ ನೋಡಿಕೊಳ್ಳುತ್ತಾರೆ. ಅದೇ ಪ್ರವಾಸದಲ್ಲಿ ಸಾದೊ ದ್ವೀಪಕ್ಕೂ ಹೋಗಿ ಬರಬಹುದೇ?

ಉತ್ತರ 2 ಬರೆದವರಿಂದ

ಈ ಬಾರಿ ಬೇಡವೆಂದೇ ನನ್ನ ಸಲಹೆ. ಟೋಕಿಯೊದಿಂದ ನೀಗಾತಕ್ಕೆ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ರ್‍ಯೋತ್ಸು ಬಂದರಿಗೆ ಕಾರ್ ಫೆರಿಯಲ್ಲಿ ಎರಡೂವರೆ ಗಂಟೆ. ಚಳಿಗಾಲದಲ್ಲಿ ಜಪಾನ್ ಸಮುದ್ರ ಉಗ್ರವಾಗಿರುವುದರಿಂದ ಹಡಗುಗಳು ರದ್ದಾಗುವುದು ಅಪರೂಪವೇನಲ್ಲ. ಸಾದೊಗೆ ಹೋಗುವುದಾದರೆ ಆಗಸ್ಟಿನಲ್ಲಿ ಹೋಗಿ. ಕೋದೋ ತಂಡ 1988ರಲ್ಲಿ ಆರಂಭಿಸಿದ ‘ಅರ್ಥ್ ಸೆಲೆಬ್ರೇಷನ್’ ಉತ್ಸವ ದ್ವೀಪದ ಓಗಿ ಭಾಗದಲ್ಲಿ ನಡೆಯುವುದು ಆಗಲೇ. ಅಲ್ಲಿನ ತೈಕೊ ಕೇಂದ್ರದಲ್ಲಿ ಮೊದಲೇ ಕಾಯ್ದಿರಿಸಿಕೊಂಡರೆ ತಂದೆಯವರೂ ಕೋಲು ಹಿಡಿದು ನೋಡಬಹುದು.